ಅಣ್ಣನ ರಕ್ತದಲ್ಲಿ ನಾನೆಷ್ಟು ಪರ್ಸೆಂಟ್? ಆರೋಗ್ಯ ಇಲಾಖೆಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ಮತ್ತು ಇಲಾಖೆಯ ಹಿರಿಯ ಅಧಿಕಾರಿಗಳಿಗೆ,

ಗದಗ-ಬೆಟಗೇರಿಯ ನೇಕಾರರ ಮನೆಯ ಹೆಣ್ಣುಮಗಳ ನಮಸ್ಕಾರ.

ನನಗೆ 52 ವರ್ಷ. ನಮ್ಮಣ್ಣನಿಗೆ 59. ಅವನು ಹುಬ್ಬಳ್ಳಿಯಲ್ಲಿ ಇರುತ್ತಾನೆ, ಬಸ್ ಕಂಡಕ್ಟರ್ ಆಗಿದ್ದವನು. ನಿವೃತ್ತಿಗೆ ಇನ್ನು ಎರಡು ವರ್ಷ ಇದೆ ಅನ್ನುವಾಗ ರಕ್ತದ ಕ್ಯಾನ್ಸರ್ ಬಂತು. ಎಎಂಎಲ್ ಅಂತಾರೆ. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಕೀಮೋ ಆಯಿತು, ಆಮೇಲೆ ನನ್ನ ಸ್ಟೆಮ್ ಸೆಲ್, ಅಂದರೆ ರಕ್ತ ಹುಟ್ಟಿಸುವ ಮೂಲಕೋಶ, ತೆಗೆದು ಅವನಿಗೆ ಹಾಕಿದರು. ಈಗ ಹತ್ತು ತಿಂಗಳಾಯಿತು. ಅವನು ಇದ್ದಾನೆ, ನಡೆಯುತ್ತಾನೆ, ಜಗಳಾಡುತ್ತಾನೆ.

ಕೇಳುವುದನ್ನು ಮೊದಲೇ ಕೇಳಿಬಿಡುತ್ತೇನೆ. ಇಂಥ ಟ್ರಾನ್ಸ್‌ಪ್ಲಾಂಟ್ ಆದ ಮೇಲೆ ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಮಾಡಿಸಬೇಕಾದ ಒಂದು ರಕ್ತಪರೀಕ್ಷೆ ಇದೆ. ಅದರ ಹೆಸರು ಕೈಮೆರಿಸಂ. ರೋಗಿಯ ರಕ್ತದಲ್ಲಿ ದಾನಿಯದು ಎಷ್ಟು, ಅವನದೇ ಎಷ್ಟು ಅಂತ ಅದು ಹೇಳುತ್ತದೆ. ಆ ರಕ್ತವನ್ನು ಹುಬ್ಬಳ್ಳಿಯಲ್ಲೇ ತೆಗೆಯುವ ಹಾಗೆ ಮಾಡಿ. ಅದರ ಖರ್ಚನ್ನು ಚಿಕಿತ್ಸೆಯ ಪ್ಯಾಕೇಜಿನೊಳಗೇ ಸೇರಿಸಿ. ರಕ್ತದ ಟ್ಯೂಬು ಬೆಂಗಳೂರಿಗೆ ಹೋಗಲಿ, ರೋಗಿಯನ್ನು ಯಾಕೆ ಓಡಾಡಿಸಬೇಕು?

ಇಷ್ಟು ಸಣ್ಣ ಮಾತಿಗೆ ಇಷ್ಟುದ್ದ ಪತ್ರ ಯಾಕೆ ಅನ್ನಿಸಬಹುದು. ನಮಗೂ ಇದು ಸಣ್ಣ ಮಾತು ಅಂತಲೇ ಅನ್ನಿಸಿತ್ತು. ಅದರ ಬೆಲೆ ಆಮೇಲೆ ಗೊತ್ತಾಯಿತು.

ಮೊದಲ ತಪ್ಪು ಒಂದು ಶಬ್ದದಿಂದ ಶುರುವಾಯಿತು. ಅಣ್ಣನಿಗೆ ಸಕ್ಕರೆ ಕಾಯಿಲೆ ಇದೆ, ಹೃದಯವೂ ಅಷ್ಟು ಗಟ್ಟಿ ಇಲ್ಲ. ಪೂರ್ತಿ ಜೋರಿನ ಕೀಮೋ ತಡೆಯುವುದಿಲ್ಲ ಅಂತ ಡಾಕ್ಟರು ಕಡಿಮೆ ತೀವ್ರತೆಯ ಟ್ರಾನ್ಸ್‌ಪ್ಲಾಂಟ್ ಮಾಡೋಣ ಅಂದರು. ಅಲ್ಲಿ ಕಾಗದಪತ್ರ ನೋಡಿಕೊಳ್ಳುವವರು ಅದನ್ನೇ ನಮಗೆ 'ಮೈಲ್ಡ್' ಅಂತ ತಿಳಿಸಿ ಹೇಳಿದರು. ನಾವು ಅದನ್ನು 'ಹಗುರ' ಅಂತ ಮಾಡಿಕೊಂಡೆವು. ಊರಿಗೆ ಫೋನ್ ಮಾಡಿ, 'ಹಗುರದ್ದು ಮಾಡ್ತಾರಂತ, ಚಿಂತಿ ಇಲ್ಲ' ಅಂದೆವು. ವೈನಿ ಸಿದ್ಧಾರೂಢ ಮಠಕ್ಕೆ ಹೋಗಿ ಕಾಯಿ ಒಡೆಸಿ ಬಂದರು.

ಹಗುರ ಆಗುವುದು ಮುಂಚೆ ಕೊಡುವ ಔಷಧ ಮಾತ್ರ. ಆಮೇಲಿನ ಕಾಯುವಿಕೆ ಹಗುರ ಅಲ್ಲ. ಅಲ್ಲಿ ಭಾರ ಜಾಸ್ತಿಯೇ.

ಇದನ್ನು ನನಗೆ ಸರಿಯಾಗಿ ತಿಳಿಸಿದವನು ಅಣ್ಣನೇ. ಮೂವತ್ತು ವರ್ಷ ಟಿಕೆಟ್ ಹರಿದವನು, ಅವನಿಗೆ ಎಲ್ಲವೂ ಬಸ್ಸೇ. 'ನೋಡವಾ ತಂಗಿ,' ಅಂದ, 'ದೊಡ್ಡ ಟ್ರಾನ್ಸ್‌ಪ್ಲಾಂಟಿನ್ಯಾಗ ಎಲ್ಲಾರನ್ನೂ ಇಳಿಸಿ, ಬಸ್ಸು ಡಿಪೋಕ್ಕ ಒಯ್ದು ತೊಳದು, ಆಮ್ಯಾಲೆ ಹೊಸಾ ಮಂದೀನ ಹತ್ತಸ್ತಾರ. ನನ್ನ ಬಸ್ಸು ಹಳೇದೈತಿ. ತೊಳಿಯಾಕ ಹೋದ್ರ ಬಸ್ಸ ಹೋಗ್ತೈತಿ. ಅದಕ್ಕ ಅರ್ಧಾ ಮಂದಿ ಇಳಿಸಿ, ನಡು ದಾರಿಯಾಗ ನಿನ್ನ ಕಡೆಯವರನ್ನ ಹತ್ತಿಸ್ಯಾರ. ಈಗ ಒಳಗ ಸೀಟಿಗೆ ಜಗಳ ನಡದೈತಿ.'

ಡಾಕ್ಟರಿಗೆ ಈ ಮಾತು ಹೇಳಿದಾಗ ಅವರು ನಕ್ಕರು. ಆದರೆ ತಪ್ಪು ಅನ್ನಲಿಲ್ಲ. ಅವರು ಕೊಟ್ಟ ಔಷಧ ಫ್ಲುಡರಾಬಿನ್ ಮತ್ತು ಮೆಲ್ಫಲಾನ್. ಅವು ಅಣ್ಣನ ಹಳೆಯ ರಕ್ತವನ್ನು ಪೂರ್ತಿ ಅಳಿಸುವುದಿಲ್ಲ. ನನ್ನ ಕೋಶಗಳು ಬಂದು ಕೂರುವಷ್ಟು ಜಾಗ ಬಿಡಿಸುತ್ತವೆ, ಬಂದವರನ್ನು ಅವನ ಮೈ ಹೊರಗೆ ತಳ್ಳದ ಹಾಗೆ ಅವನ ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತವೆ. ಉಳಿದ ಕೆಲಸ ನನ್ನ ಕೋಶಗಳದ್ದು. ಅವು ನಿಧಾನವಾಗಿ ಹಳೆಯ ರಕ್ತವನ್ನು ಬದಿಗೆ ಸರಿಸಬೇಕು, ಅಡಗಿ ಕೂತ ಕ್ಯಾನ್ಸರ್ ಕೋಶಗಳನ್ನು ಹುಡುಕಿ ಕೊಲ್ಲಬೇಕು. ದಾನಿಯ ಕೋಶಗಳಿಗೆ ಈ ಶಕ್ತಿ ಇದೆ ಅನ್ನುವ ನಂಬಿಕೆಯ ಮೇಲೆಯೇ ಈ ಚಿಕಿತ್ಸೆ ನಿಂತಿದೆ. 1990ರ ದಶಕದ ಕೊನೆಗೆ ಹೂಸ್ಟನ್, ಜೆರುಸಲೇಂ, ಸಿಯಾಟಲ್‌ನ ಡಾಕ್ಟರುಗಳು ಇದನ್ನು ಮಾಡಿ ತೋರಿಸಿದ ಮೇಲೆ ವಯಸ್ಸಾದವರಿಗೂ ಟ್ರಾನ್ಸ್‌ಪ್ಲಾಂಟ್ ಮಾಡಬಹುದು ಅಂತಾಯಿತು. ಅದಕ್ಕೆ ಮುಂಚೆ ಆಗಿದ್ದರೆ ನಮ್ಮಣ್ಣನ ವಯಸ್ಸು ನೋಡಿಯೇ 'ಆಗೋದಿಲ್ಲ' ಅಂದು ಕಳಿಸುತ್ತಿದ್ದರೋ ಏನೋ.

ಇನ್ನು ನನ್ನ ಪಾಲಿನ ಕೆಲಸ. ಜನ ಇದಕ್ಕೆ ಸುಮ್ನೆ ಹೆದರುತ್ತಾರೆ. ಬೆನ್ನುಮೂಳೆ ಕೊರೆಯುತ್ತಾರೆ ಅಂತ ನಮ್ಮ ಓಣಿಯಲ್ಲಿ ಸುದ್ದಿಯೇ ಹಬ್ಬಿತ್ತು. ಹಾಗೇನೂ ಇಲ್ಲ. ನಾಲ್ಕೈದು ದಿನ ಹೊಟ್ಟೆಯ ಚರ್ಮಕ್ಕೆ ಇಂಜೆಕ್ಷನ್ ಕೊಟ್ಟರು. ಅದರಿಂದ ಸ್ಟೆಮ್ ಸೆಲ್‌ಗಳು ಮೂಳೆಯೊಳಗಿನ ಮಜ್ಜೆಯಿಂದ ರಕ್ತಕ್ಕೆ ಬರುತ್ತವೆ. ಸೊಂಟ, ಎದೆಗೂಡು ನೋವಾಯಿತು. ದಿನವೆಲ್ಲ ಮಗ್ಗದ ಕುಣಿಯಲ್ಲಿ ಕೂತು ಎದ್ದಾಗ ಆಗುತ್ತದಲ್ಲ, ಅಂಥದ್ದೇ ನೋವು. ಐದನೇ ದಿನ ಎರಡೂ ಕೈಗೆ ಸೂಜಿ ಹಾಕಿ ಮಷಿನ್ ಮುಂದೆ ಮಲಗಿಸಿದರು. ಒಂದು ಕೈಯಿಂದ ರಕ್ತ ಹೋಗಿ, ಬೇಕಾದ ಕೋಶ ಬೇರೆಯಾಗಿ, ಉಳಿದದ್ದು ಇನ್ನೊಂದು ಕೈಗೆ ವಾಪಸ್ ಬಂತು. ನಾಲ್ಕು ತಾಸು ಹಿಡಿಯಿತು. ಚೀಲ ನೋಡಿದೆ, ಟೊಮೆಟೊ ಸಾರಿನ ಬಣ್ಣ. ಒಡಹುಟ್ಟಿದವರಲ್ಲಿ ಒಬ್ಬರ ಜೊತೆ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ನಾವು ಮೂವರು ಇದ್ದೇವೆ, ಹೊಂದಿದ್ದು ನನ್ನದು.

ನನಗೆ ಒಂದು ಪ್ರಶ್ನೆ ಕೇಳಿದ್ದರು: ಹೆರಿಗೆ ಎಷ್ಟು ಆಗಿವೆ? ಅಣ್ಣನ ಕ್ಯಾನ್ಸರಿಗೂ ನನ್ನ ಹೆರಿಗೆಗೂ ಏನು ಸಂಬಂಧ ಅಂತ ಸಿಟ್ಟೇ ಬಂತು. ಸಂಬಂಧ ಇದೆ. ಬಸುರಿಯಾದ ಹೆಣ್ಣಿನ ರಕ್ತ ಒಮ್ಮೆ ಬೇರೆ ಜೀವದ ಗುರುತು ಕಂಡಿರುತ್ತದೆ. ಅಂಥವಳ ಕೋಶ ಗಂಡಸಿನ ಮೈಗೆ ಹೋದರೆ ಆ ಮೈ ಮೇಲೇ ತಿರುಗಿ ಬೀಳುವ ಭಯ ಸ್ವಲ್ಪ ಜಾಸ್ತಿ. ಇದನ್ನು ಜಿವಿಎಚ್‌ಡಿ ಅಂತಾರೆ. ನನಗೆ ಇಬ್ಬರು ಗಂಡುಮಕ್ಕಳು. ಹೇಳಿದೆ, ಬರೆದುಕೊಂಡರು.

ಇನ್ನು ಆ ಪರೀಕ್ಷೆಯ ವಿಷಯ.

ಸ್ಟೆಮ್ ಸೆಲ್ ಹಾಕಿದ ದಿನವನ್ನು ಸೊನ್ನೆ ದಿನ ಅಂತ ಹಿಡಿಯುತ್ತಾರೆ. ಹದಿನಾರನೇ ದಿನದಿಂದ ಅಣ್ಣನ ನ್ಯೂಟ್ರೋಫಿಲ್, ಅಂದರೆ ಸೋಂಕು ತಡೆಯುವ ಬಿಳಿಕಣಗಳ ಲೆಕ್ಕ, 500ರ ಮೇಲೆ ಹೋಗಿ ಮೂರು ದಿನ ಅಲ್ಲೇ ನಿಂತಿತು. ವಾರ್ಡಿನಲ್ಲಿ ಎಲ್ಲರೂ 'ಎನ್‌ಗ್ರಾಫ್ಟ್ ಆಯ್ತು', ಅಂದರೆ ನಾಟಿ ಹತ್ತಿತು, ಅಂದರು, ಸಿಸ್ಟರ್ ಒಬ್ಬರು ಪೇಡೆ ಕೇಳಿದರು. ನಾವು ಗೆದ್ದೆವು ಅಂದುಕೊಂಡೆವು. ಆದರೆ ಕಣಗಳು ಏರಿವೆ ಅಂದರೆ ಯಾರ ಕಣಗಳು? ನನ್ನವೋ ಅವನವೋ? ಮಾಮೂಲಿ ರಕ್ತಪರೀಕ್ಷೆಗೆ ಅದು ಗೊತ್ತಾಗುವುದಿಲ್ಲ. ಅದಕ್ಕೇ ಕೈಮೆರಿಸಂ ಟೆಸ್ಟ್.

ಈ ಹೆಸರಿನ ಮೂಲ ಗ್ರೀಕರ ಕಥೆಯಂತೆ. ಮುಂದೆ ಸಿಂಹ, ನಡುವೆ ಆಡು, ಬಾಲಕ್ಕೆ ಹಾವು ಇರುವ ಒಂದು ಪ್ರಾಣಿ. ನಮ್ಮ ಲಕ್ಕುಂಡಿಯ ಗುಡಿಗಳ ಕಲ್ಲಿನಲ್ಲಿ ಮಕರ ಇದೆಯಲ್ಲ, ಆನೆಯ ಸೊಂಡಿಲು, ಮೊಸಳೆಯ ಬಾಯಿ, ಹಿಂದೆ ನವಿಲಿನ ಗರಿ. ಅದೇ ಜಾತಿ. ಅಣ್ಣನ ರಕ್ತವೂ ಹಾಗೇ, ಇಬ್ಬರದೂ ಸೇರಿದ್ದು. ಇಬ್ಬರ ಡಿಎನ್‌ಎಯಲ್ಲಿ ಕೆಲವು ಜಾಗದಲ್ಲಿ ಒಂದೇ ತುಣುಕು ಮತ್ತೆ ಮತ್ತೆ ಬಂದಿರುತ್ತದೆ. ಎಷ್ಟು ಸಲ ಅನ್ನುವುದು ಒಬ್ಬೊಬ್ಬರಲ್ಲಿ ಬೇರೆ ಬೇರೆ. ಅಪರಾಧ ಪತ್ತೆಯ ಲ್ಯಾಬಿನಲ್ಲಿ ಗುರುತು ಹಚ್ಚುವುದೂ ಇದೇ ಲೆಕ್ಕದಿಂದ. ಟ್ರಾನ್ಸ್‌ಪ್ಲಾಂಟ್‌ಗೆ ಮುಂಚೆ ತೆಗೆದಿಟ್ಟ ನಮ್ಮಿಬ್ಬರ ರಕ್ತದ ಜೊತೆ ಈಗಿನ ರಕ್ತ ಹೋಲಿಸಿ, ಇದರಲ್ಲಿ ತಂಗಿ ಇಷ್ಟು, ಅಣ್ಣ ಇಷ್ಟು ಅಂತ ಹೇಳುತ್ತಾರೆ. 95 ಪರ್ಸೆಂಟಿನ ಮೇಲೆ ಇದ್ದರೆ ಹೆಚ್ಚುಕಡಿಮೆ ಪೂರ್ತಿ ದಾನಿಯದೇ ಅಂತ ಲೆಕ್ಕ.

ಮೂವತ್ತನೇ ದಿನದ ರಿಪೋರ್ಟ್: ಒಟ್ಟು ರಕ್ತದಲ್ಲಿ ನಾನು 91. ಟಿ ಸೆಲ್‌ಗಳಲ್ಲಿ ನಾನು 58. ಟಿ ಸೆಲ್ ಅಂದರೆ ಮೈಯ ಕಾವಲುಗಾರರು. ಕಡಿಮೆ ತೀವ್ರತೆಯ ಟ್ರಾನ್ಸ್‌ಪ್ಲಾಂಟ್‌ನಲ್ಲಿ ಹಳೆಯ ಕಾವಲುಗಾರರು ಬೇಗ ಜಾಗ ಬಿಡುವುದಿಲ್ಲ. ಆದ್ದರಿಂದ 58 ಅಂದರೆ ಗಾಬರಿ ಬೇಡ, ಏರುತ್ತದೋ ಇಳಿಯುತ್ತದೋ ಅದು ಮುಖ್ಯ, ಅರವತ್ತನೇ ದಿನ ಮತ್ತೆ ನೋಡೋಣ ಅಂದರು. ಅಣ್ಣನಿಗೆ ಕೂಡಲೇ ತಿಳಿಯಿತು. ಒಂದು ಸ್ಟಾಪಿನ ಲೆಕ್ಕದಿಂದ ಕಲೆಕ್ಷನ್ ಗೊತ್ತಾಗುವುದಿಲ್ಲ, ಪೂರ್ತಿ ವೇಬಿಲ್ ನೋಡಬೇಕು.

ಆ ಅರವತ್ತನೇ ದಿನ ತಪ್ಪಿಹೋಯಿತು.

ಹೇಗೆ ತಪ್ಪಿತು ಅಂತ ಹೇಳುತ್ತೇನೆ, ಯಾರ ಮೇಲೂ ಹಾಕಲು ಅಲ್ಲ. ಪ್ಯಾಕೇಜಿನ ಹಣ ಮುಗಿದಿತ್ತು. ನಾವು ಕೊಟ್ಟ ಲೆಕ್ಕದಲ್ಲಿ ಒಂದು ಸಲದ ಪರೀಕ್ಷೆಗೆ ಹತ್ತಿರ ಹತ್ತಿರ 10 ಸಾವಿರ. ಅದರ ಮೇಲೆ ಇಬ್ಬರ ಪ್ರಯಾಣ, ಲಾಡ್ಜು, ಆಟೋ. ಆ ವಾರ ಅಣ್ಣನಿಗೆ ಸ್ವಲ್ಪ ಜ್ವರ. ಹುಬ್ಬಳ್ಳಿಯಿಂದ ಬೆಂಗಳೂರು 400 ಕಿಲೋಮೀಟರಿಗೂ ಜಾಸ್ತಿ. ಮಾಸ್ಕ್ ಹಾಕಿಕೊಂಡು, ಜ್ವರದಲ್ಲಿ, ಕೆಮ್ಮುವ ಮಂದಿಯ ನಡುವೆ ರಾತ್ರಿಯೆಲ್ಲ ಕೂಡಿಸುವುದು ಬೇಡ ಅನ್ನಿಸಿತು. ಇಲ್ಲೇ ರಕ್ತ ತೆಗೆದು ಕಳಿಸೋಣ ಅಂತ ಮೂರು ಲ್ಯಾಬಿಗೆ ಹೋದೆ. ಒಂದು ಕಡೆ ಆ ಹೆಸರೇ ಕೇಳಿಲ್ಲ ಅಂದರು. ಇನ್ನೊಂದು ಕಡೆ ಬೇರೆ ಏನೋ ಹಾರ್ಮೋನ್ ಟೆಸ್ಟ್ ಅಂದುಕೊಂಡು ಬರೆದುಕೊಂಡರು. ಮೂರನೆಯವರು ಒಳ್ಳೆಯವರು. ರಕ್ತ ತೆಗೆಯುತ್ತೇವೆ, ಆದರೆ ಯಾರಿಗೆ ಕಳಿಸಬೇಕು, ನಿಮ್ಮ ಹಳೆಯ ಸ್ಯಾಂಪಲ್ ಎಲ್ಲಿದೆ, ಅದಿಲ್ಲದೆ ಹೋಲಿಸುವುದು ಯಾವುದಕ್ಕೆ ಅಂದರು. ಸರಿಯಾದ ಪ್ರಶ್ನೆ. ನಮ್ಮ ಹತ್ತಿರ ಉತ್ತರ ಇರಲಿಲ್ಲ. ಇರಲಿ ಬಿಡು, ಮುಂದಿನ ತಿಂಗಳು ಹೋದಾಗ ಮಾಡಿಸಿದರಾಯಿತು ಅಂದೆವು. 'ಹಗುರ' ಅನ್ನುವ ಶಬ್ದ ತಲೆಯಲ್ಲಿ ಕೂತಿತ್ತಲ್ಲ.

ಎಂಬತ್ನಾಲ್ಕನೇ ದಿನ ಹೋದೆವು. ಒಟ್ಟು ರಕ್ತದಲ್ಲಿ ನಾನು 70. ಟಿ ಸೆಲ್‌ನಲ್ಲಿ 31.

ನಾನು ಇಳಿದು ಹೋಗುತ್ತಿದ್ದೆ. ನೋಡಲು ಅಣ್ಣ ಚೆನ್ನಾಗಿದ್ದ, ಊಟ ಸೇರುತ್ತಿತ್ತು, ಹಿಮೋಗ್ಲೋಬಿನ್ ಕೂಡ ಸರಿ ಇತ್ತು. ಒಳಗೆ ಅವನ ಹಳೆಯ ಕಾವಲುಗಾರರು ಒಟ್ಟಾಗಿ ನನ್ನನ್ನು ಹೊರಗೆ ಹಾಕುತ್ತಿದ್ದರು. ಹಾಗೆಯೇ ಬಿಟ್ಟಿದ್ದರೆ ಎರಡೂ ಹಾದಿ ಕೆಟ್ಟವೇ. ನಾಟಿ ಮಾಡಿದ್ದು ಪೂರ್ತಿ ಕಿತ್ತುಹೋಗಬಹುದಿತ್ತು, ಇಲ್ಲವೇ ಕ್ಯಾನ್ಸರ್ ತಿರುಗಿ ಬರಬಹುದಿತ್ತು. ಆ ಇಪ್ಪತ್ನಾಲ್ಕು ದಿನ ನಮಗೆ ಎಷ್ಟು ನಷ್ಟ ಮಾಡಿತು ಅಂತ ಡಾಕ್ಟರನ್ನು ಕೇಳಿದೆ. ಅವರು ಉತ್ತರ ಕೊಡಲಿಲ್ಲ, ಮುಂದಿನದು ನೋಡೋಣ ಅಂದರು. ಆ ಮೌನ ನನಗೆ ಇವತ್ತಿಗೂ ಮರೆತಿಲ್ಲ.

ಮುಂದಿನದು ಅಂದರೆ, ಮೊದಲು ಸೈಕ್ಲೋಸ್ಪೊರಿನ್ ಕ್ಯಾಪ್ಸೂಲ್ ಬೇಗ ಬೇಗ ಇಳಿಸಿ ನಿಲ್ಲಿಸಿದರು. ಅದು ಜಗಳ ಬಿಡಿಸುವ ಮಾತ್ರೆ, ಎರಡೂ ಕಡೆಯವರನ್ನು ತಣ್ಣಗಿಡುತ್ತದೆ. ಅದನ್ನು ತೆಗೆದರೆ ನನ್ನ ಕಡೆಯವರಿಗೆ ಕೈ ಬಿಚ್ಚಿದ ಹಾಗೆ. 31 ಇದ್ದದ್ದು 38 ಆಯಿತು, ಅಷ್ಟೇ. ಆಮೇಲೆ ನನ್ನನ್ನು ಮತ್ತೆ ಕರೆಸಿದರು. ಈ ಸಲ ಇಂಜೆಕ್ಷನ್ ಇಲ್ಲ, ಸೀದಾ ಮಷಿನ್. ನನ್ನ ಲಿಂಫೋಸೈಟ್, ಅಂದರೆ ಟಿ ಸೆಲ್‌ಗಳೂ ಸೇರಿದ ಒಂದು ಜಾತಿಯ ಬಿಳಿಕಣ, ತೆಗೆದು ಅಣ್ಣನಿಗೆ ಸಣ್ಣ ಪ್ರಮಾಣದಲ್ಲಿ ಕೊಟ್ಟರು, ಕೆಲವು ವಾರ ಬಿಟ್ಟು ಇನ್ನೊಮ್ಮೆ ಸ್ವಲ್ಪ ದೊಡ್ಡ ಪ್ರಮಾಣದಲ್ಲಿ. ಇದನ್ನು ಡಿಎಲ್‌ಐ ಅಂತಾರೆ. ಒಮ್ಮೆಲೇ ಕೊಟ್ಟರೆ ಜಿವಿಎಚ್‌ಡಿ ಜೋರಾಗಿ ಬರುತ್ತದೆ ಅಂತ ಮೆಟ್ಟಿಲು ಮೆಟ್ಟಿಲಾಗಿ ಕೊಡುವುದು. 66. ಆಮೇಲೆ 89. ಹೋದ ಸಲ 96.

ಪುಕ್ಕಟೆ ಬಂದದ್ದಲ್ಲ ಅದು. ಅಣ್ಣನ ಮೈಮೇಲೆ ಕೆಂಪು ದದ್ದು ಎದ್ದವು, ಬಾಯಲ್ಲಿ ಹುಣ್ಣು, ಕಣ್ಣು ಒಣಗಿ ಮರಳು ಬಿದ್ದ ಹಾಗೆ. ಖಾರ ಮುಟ್ಟುವ ಹಾಗಿಲ್ಲ. ಹುಬ್ಬಳ್ಳಿಯವನಿಗೆ ಮಿರ್ಚಿ ಬಿಡು ಅಂದರೆ ಹೇಗಾಗಬೇಡ! 'ನಿನ್ನ ಮಂದಿ ಸೀಟ್ ಹಿಡದ್ರು, ಈಗ ಬಸ್ಸಿನ ಗ್ಲಾಸ್ ಒಡ್ಯಾಕ ಹತ್ಯಾರ' ಅಂತ ನನಗೇ ಬೈಯುತ್ತಾನೆ.

ಇನ್ನೊಂದು ಸಂಗತಿಯನ್ನೂ ಇಲ್ಲೇ ಹೇಳಬೇಕು, ಇಲ್ಲದಿದ್ದರೆ ಬಿಟ್ಟುಹೋಗುತ್ತದೆ. ಅಣ್ಣನದು ಬಿ ಪಾಸಿಟಿವ್, ನನ್ನದು ಓ ಪಾಸಿಟಿವ್. ನನ್ನ ಮಜ್ಜೆ ನೆಲೆ ನಿಂತ ಮೇಲೆ ಅವನ ಗುಂಪು ಮೆಲ್ಲಗೆ ಓ ಆಗುತ್ತದೆ. ನಡುವಿನ ದಿನಗಳಲ್ಲಿ ಎರಡೂ ಕಾಣುತ್ತದೆ. ಈ ನಡುವಿನಲ್ಲೇ ಇಲ್ಲಿ ಒಮ್ಮೆ ರಕ್ತ ಹಾಕಬೇಕಾಯಿತು. ಹಳೆಯ ಕಾರ್ಡು ಒಂದು ಹೇಳುತ್ತದೆ, ಟ್ಯೂಬು ಇನ್ನೊಂದು ಹೇಳುತ್ತದೆ. ಟೆಕ್ನಿಷಿಯನ್ ಹುಡುಗ ಬೇರೆಯವರ ಸ್ಯಾಂಪಲ್ ತಂದಿದ್ದೀರಿ ಅಂತ ನನ್ನ ಮೇಲೇ ಸಂಶಯ ಪಟ್ಟ. ಅವನ ತಪ್ಪಲ್ಲ, ಅವನು ಎಚ್ಚರವಾಗಿದ್ದನಲ್ಲ ಅಂತ ಖುಷಿಪಡಬೇಕು. ಅಷ್ಟರಲ್ಲಿ ಅಳಿಯಂದಿರು, ಅಣ್ಣನ ಮಕ್ಕಳು ಎಲ್ಲ ತೋಳು ಏರಿಸಿ ನಿಂತಿದ್ದರು, 'ನಮ್ಮದ ತಗೋರಿ' ಅಂತ. ನಮ್ಮ ಕಡೆ ಅದೇ ರೂಢಿ ಅಲ್ವಾ? ಬೆಂಗಳೂರಿನ ಡಾಕ್ಟರು ಫೋನಿನಲ್ಲೇ ಕೂಗಿದರು, ರಕ್ತಸಂಬಂಧಿಗಳದ್ದು ಬೇಡವೇ ಬೇಡ, ಯಾರದ್ದೇ ಆದರೂ ವಿಕಿರಣ ಹಾಯಿಸಿದ ರಕ್ತವೇ ಬೇಕು ಅಂತ.

ಯಾಕೆ ಅಂದರೆ, ಹಾಕುವ ರಕ್ತದಲ್ಲೂ ದಾನಿಯ ಲಿಂಫೋಸೈಟ್ ಇರುತ್ತವೆ. ಇಂಥ ರೋಗಿಯ ಮೈಗೆ ಅವನ್ನು ಓಡಿಸುವ ತಾಕತ್ತು ಇರುವುದಿಲ್ಲ. ಅದರಲ್ಲೂ ಸಂಬಂಧಿಕರ ರಕ್ತವಾದರೆ ನಮ್ಮವರೇ ಅಂದುಕೊಂಡು ಒಳಗೆ ಬಿಟ್ಟುಕೊಳ್ಳುತ್ತದೆ. ಅವು ಅಲ್ಲೇ ಬೆಳೆದು ರೋಗಿಯ ಮೇಲೇ ಬಿದ್ದರೆ ಉಳಿಸುವುದು ಬಹಳ ಕಷ್ಟ. ಬಿಳಿಕಣ ಸೋಸುವ ಫಿಲ್ಟರ್ ಒಂದೇ ಸಾಲದು. ಚೀಲಕ್ಕೆ 25 ಗ್ರೇ ಅಳತೆಯ ವಿಕಿರಣ ಹಾಯಿಸಿದರೆ ಅವು ಬೆಳೆಯುವುದಿಲ್ಲ. ನಮಗೆ ಆ ಚೀಲ ಸಿಗುವ ಹೊತ್ತಿಗೆ ಒಂದೂವರೆ ದಿನ ಹೋಯಿತು. ಇದೂ ನಿಮ್ಮ ಗಮನದಲ್ಲಿ ಇರಲಿ. ಆದರೆ ನಾನು ಮೊದಲು ಕೇಳುತ್ತಿರುವುದು ಅದಕ್ಕಿಂತ ಸುಲಭದ್ದು, ಮಷಿನ್ ಕೊಳ್ಳುವುದೂ ಬೇಡದ್ದು.

ಸುಲಭ ಯಾಕೆ ಅಂದರೆ, ಬೇಕಾಗುವುದು ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಸ್ವಲ್ಪ ರಕ್ತ. ಟಿ ಸೆಲ್ ಬೇರೆ ಮಾಡಿ ನೋಡಬೇಕಾದರೆ ರಕ್ತ ತಾಜಾ ಇರಬೇಕು, ಮಾರನೇ ದಿನ ಲ್ಯಾಬ್ ಮುಟ್ಟಿದರೆ ಚಲೋ. ಹುಬ್ಬಳ್ಳಿಯಿಂದ ರಾತ್ರಿ ಹೊರಟ ಗಾಡಿ ಬೆಳಿಗ್ಗೆ ಬೆಂಗಳೂರು ಮುಟ್ಟುತ್ತದೆ. ಹಣ್ಣು, ಹೂವು, ಬೆಟಗೇರಿ ಸೀರೆಯ ಗಂಟು ಮುಟ್ಟುವ ಕಡೆ ಒಂದು ಟ್ಯೂಬು ಮುಟ್ಟುವುದಿಲ್ಲವೇ? ಹುಬ್ಬಳ್ಳಿಯ ಯಾವುದಾದರೂ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ವಾರಕ್ಕೆ ಒಂದು ದಿನ, ಒಂದು ಟೇಬಲ್, ಇದನ್ನು ಕಲಿತ ಒಬ್ಬ ಡಾಕ್ಟರು, ಒಬ್ಬ ಟೆಕ್ನಿಷಿಯನ್. ಧಾರವಾಡ, ಗದಗ, ಹಾವೇರಿಯವರು ಅಲ್ಲಿಗೇ ಬರುತ್ತಾರೆ. ಮುಂಜಾನೆಯ ಮಾತ್ರೆ ನುಂಗುವ ಮುಂಚೆ ತೆಗೆಯಬೇಕಾದ ಸೈಕ್ಲೋಸ್ಪೊರಿನ್ ಮಟ್ಟದ ರಕ್ತವನ್ನೂ ಅಲ್ಲೇ ತೆಗೆಯಬಹುದು. ಟ್ರಾನ್ಸ್‌ಪ್ಲಾಂಟ್‌ಗೆ ಮುಂಚಿನ ಸ್ಯಾಂಪಲ್ ಯಾವ ಲ್ಯಾಬಿನಲ್ಲಿದೆ, ಅದರ ನಂಬರ್ ಏನು, ಗುಂಪು ಬದಲಾಗುತ್ತಿದೆಯೇ, ಎಂಥ ರಕ್ತ ಹಾಕಬೇಕು ಅಂತ ಡಿಸ್ಚಾರ್ಜ್ ಚೀಟಿಯ ಮೊದಲ ಪುಟದಲ್ಲೇ, ಕನ್ನಡದಲ್ಲೂ, ಬರೆದು ಕೊಡಬೇಕು ಅಂತ ಆದೇಶ ಮಾಡಿ. ಇದಕ್ಕಂತೂ ಕಾಗದ ಬಿಟ್ಟರೆ ಬೇರೆ ಖರ್ಚಿಲ್ಲ.

ಪ್ಯಾಕೇಜಿನ ಮಾತು ಸ್ವಲ್ಪ ಕಷ್ಟದ್ದು, ಗೊತ್ತು. ಆಸ್ಪತ್ರೆಗೆ ಸೇರಿದ್ದು, ಔಷಧ, ಹಾಸಿಗೆ ಇವೆಲ್ಲ ಲೆಕ್ಕಕ್ಕೆ ಸಿಗುತ್ತವೆ. ಮನೆಯಲ್ಲಿ ಕೂತು ಪರ್ಸೆಂಟ್ ಕಾಯುವುದು ಯಾವ ತಲೆಬರಹದ ಕೆಳಗೆ ಬರುತ್ತದೆ? ಆದರೆ ಕಡಿಮೆ ತೀವ್ರತೆಯ ಟ್ರಾನ್ಸ್‌ಪ್ಲಾಂಟ್‌ನಲ್ಲಿ ಆ ಕಾಯುವುದೇ ಅರ್ಧ ಚಿಕಿತ್ಸೆ. ಬೀಜ ಬಿತ್ತಲು ಸಾಲ ಕೊಟ್ಟು ಎಡೆ ಹೊಡೆಯಲು ಕೊಡದಿದ್ದರೆ ಸಾಲ ಕೊಟ್ಟವರಿಗೂ ನಷ್ಟ ತಾನೇ. ಕನಿಷ್ಠ ಮೊದಲ ಒಂದು ವರ್ಷದ ಕೈಮೆರಿಸಂ ಪರೀಕ್ಷೆಗಳನ್ನು, ಬೇಕಾದವರಿಗೆ ಡಿಎಲ್‌ಐ ಅನ್ನು, ಅದೇ ಚಿಕಿತ್ಸೆಯ ಭಾಗ ಅಂತ ಹಿಡಿಯಿರಿ.

ನಮ್ಮ ಜನರಿಗೂ ಎರಡು ಮಾತು. ಟ್ರಾನ್ಸ್‌ಪ್ಲಾಂಟ್ ಆಗಿ ಬಂದವರನ್ನು ನೋಡಲು ಗುಂಪಾಗಿ ಹೋಗಬೇಡಿ, ಪೇಡೆ ಒಯ್ದು ಬಾಯಿಗೆ ತುರುಕಬೇಡಿ. ಚೆನ್ನಾಗಿ ಕಾಣುತ್ತೀರಿ, ಎಲ್ಲ ಮುಗಿಯಿತಲ್ಲ ಅನ್ನಬೇಡಿ. ನಮಗೂ ಹಾಗೇ ಅಂದಿದ್ದರು, ನಾವು ನಂಬಿದ್ದೆವು. ಇನ್ನು 18ರಿಂದ 50 ವರ್ಷದೊಳಗಿನ ಆರೋಗ್ಯವಂತರು ಸ್ಟೆಮ್ ಸೆಲ್ ದಾನಿಗಳ ಪಟ್ಟಿಗೆ ಹೆಸರು ಕೊಡಬಹುದು. ಕೆನ್ನೆಯ ಒಳಗಿಂದ ಹತ್ತಿಕಡ್ಡಿಯಲ್ಲಿ ಒರೆಸಿಕೊಂಡರೆ ಆಯಿತು, ಶುರುವಿಗೆ ಅಷ್ಟೇ. ನನ್ನಂಥ ತಂಗಿ ಎಲ್ಲರಿಗೂ ಇರುವುದಿಲ್ಲ.

ಅಣ್ಣನಿಗೆ ಈಗ ಚಿಕ್ಕಮಕ್ಕಳಿಗೆ ಹಾಕುವ ಲಸಿಕೆಗಳನ್ನು ಮೊದಲಿನಿಂದ ಹಾಕಬೇಕಂತೆ. ಹಳೆಯ ಕಾವಲುಗಾರರ ಜೊತೆ ಅವರ ನೆನಪೂ ಹೋಯಿತಲ್ಲ. ಅಂಗನವಾಡಿ ಕೂಸುಗಳ ಪಾಳಿಯಲ್ಲಿ ನಿಲ್ಲಲೇನು ಅಂತ ಕೇಳುತ್ತಾನೆ.

ಹುಬ್ಬಳ್ಳಿ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ 1,507 ಮೀಟರ್, ಜಗತ್ತಿನಲ್ಲೇ ಉದ್ದದ್ದು. 2023ರಲ್ಲಿ ಅದು ಉದ್ಘಾಟನೆಯಾದಾಗ ಅಣ್ಣ ನೋಡಲೆಂದೇ ಹೋಗಿ ಈ ತುದಿಯಿಂದ ಆ ತುದಿಗೆ ನಡೆದು ಬಂದಿದ್ದ. ಈಗ ನಮ್ಮ ಬೋಗಿ ದೂರ ನಿಂತರೆ ನಡುವೆ ಎರಡು ಕಡೆ ಕೂಡಬೇಕಾಗುತ್ತದೆ.

ಮುಂದಿನ ಪರೀಕ್ಷೆ ಬರುವ ತಿಂಗಳು 12ಕ್ಕೆ. 11ರ ರಾತ್ರಿ ಗಾಡಿಗೆ ಎರಡು ಟಿಕೆಟ್ ತೆಗೆಸಿದ್ದೇವೆ, ಕೆಳಗಿನ ಬರ್ತ್ ಒಂದೇ ಸಿಕ್ಕಿದೆ. ಅವನ್ನು ರದ್ದು ಮಾಡಿಸುವ ಹಾಗಿದ್ದರೆ ದಯವಿಟ್ಟು ಎರಡು ದಿನ ಮುಂಚೆ ತಿಳಿಸಿ.

ಇಂತಿ ನಮಸ್ಕಾರಗಳೊಂದಿಗೆ,
ಸದ್ಯಕ್ಕೆ ಅಣ್ಣನ ರಕ್ತದಲ್ಲಿ 96 ಪರ್ಸೆಂಟ್ ಇರುವ ತಂಗಿ,
ಬೆಟಗೇರಿ